ಬಿಳಿ ಬಟ್ಟೆಯ ಪುಟ

ನನ್ನ ಮೈದುನನ ಸುದ್ದಿ ಮೊದಲು ಕಿವಿಗೆ ಬಿದ್ದದ್ದು ನಮ್ಮಪ್ಪ ಗಂಡಿನ ಮನೆ ನೋಡಿಕೊಂಡು ಬಂದ ದಿನ. ಅಪ್ಪ ಯಾವ ಅಂಗಿ ಹಾಕಿಕೊಂಡು ಹೋಗಿದ್ದರೋ ಅದೇ ಅಂಗಿಯಲ್ಲಿ ವಾಪಸು ಬಂದಿದ್ದರು. ಆದರೆ ನಡುವಿನ ಮಾತುಕತೆಯನ್ನೆಲ್ಲ ಬನಿಯನ್ನಿನಲ್ಲಿ ಕೂತು ಮುಗಿಸಿದ್ದರು.

"ಹುಡುಗ ಒಳ್ಳೆಯವನೇ. ಅವನ ತಮ್ಮ ಒಬ್ಬ ಇದಾನೆ ನೋಡು, ಅವನ ಕಥೆಯೇ ಬೇರೆ" ಎಂದು ಚಪ್ಪಲಿ ಬಿಡುತ್ತಲೇ ಶುರು ಮಾಡಿದರು. "ಬಂದವರ ಮುಖ ನೋಡಲ್ಲ ಕಣೇ ಅವನು, ಕಾಲರ್ ನೋಡ್ತಾನೆ. ನನ್ನ ಜೇಬಿನ ಹತ್ರ ಮಸಿ ಕಲೆ ಇತ್ತಲ್ಲ, ಅದರ ಮೇಲೇ ಕಣ್ಣು ನೆಟ್ಟು ಕೂತ. ಟೀ ಕೊಡೋಕೆ ಮೊದಲೇ 'ಅಂಗಿ ಬಿಚ್ಚಿ' ಅಂದ. ಹೆಣ್ಣು ಕೊಡಕ್ಕೆ ಹೋದವನು ನಾನು! ಬನಿಯನ್ನಲ್ಲಿ ಕೂತು ಏನು ಗತ್ತು ತೋರಿಸಲಿ?"

ಅಮ್ಮ ಕೇಳಿದ್ದು ಒಂದೇ ಮಾತು. "ಕಲೆ ಹೋಯ್ತಾ?"

ಅಪ್ಪ ಎದೆ ಮುಂದೆ ಮಾಡಿ ತೋರಿಸಿದರು. ಹೋಗಿತ್ತು. ಸಂಬಂಧ ಕುದುರಿತು.

ಮದುವೆಯಾಗಿ ಹೋದ ಮೇಲೆ ಗೊತ್ತಾಯಿತು, ಬೀದಿಗೆಲ್ಲ ಅವನ ಹೆಸರು 'ಕಾಲರ್' ಎಂದೇ. ಕೆಳಗೆ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ, ಮೇಲೆ ಮನೆ. ಬಾಯ್ಲರ್ ಪಕ್ಕದ ಕಬ್ಬಿಣದ ಮೆಟ್ಟಿಲು ಹತ್ತಿದರೆ ನೇರ ಅಡುಗೆಮನೆಗೇ ಬರುತ್ತಿದ್ದೆವು. ಎಲ್ಲಿ ಕೂತರೂ ಬಿಸಿ ಆವಿ, ಅದರ ಜೊತೆಗೆ ಡ್ರೈ ಕ್ಲೀನಿಂಗ್ ಎಣ್ಣೆಯ ಘಾಟು. ನನ್ನ ಗಂಡ ಮುಂದೆ ಗಲ್ಲಾದಲ್ಲಿ ಕೂತು ಬಟ್ಟೆಗೆ ನಂಬರ್ ಚೀಟಿ ಚುಚ್ಚುತ್ತಿದ್ದರು, ಮೈದುನ ಹಿಂದಿನ ಕೋಣೆಯಲ್ಲಿ ಮಷೀನಿನ ಹತ್ತಿರ. ಅವನು ಕಲೆ ನೋಡುತ್ತಿದ್ದುದು ವೈದ್ಯರು ನಾಲಿಗೆ ನೋಡಿದ ಹಾಗೆ. ಬೆಳಕಿಗೆ ಹಿಡಿಯುವುದು, ಮೂಸುವುದು, ಒದ್ದೆ ಬೆರಳಿನಿಂದ ಮುಟ್ಟಿ ನೋಡುವುದು. ಯಾರಾದರೂ ಟೀ ಬಿತ್ತು ಎಂದರೆ, "ಟೀ ಅಲ್ಲ ಇದು, ಔಷಧಿ. ಮನೇಲಿ ಯಾರಿಗೆ ಹುಷಾರಿಲ್ಲ?" ಎಂದು ತಿರುಗಿ ಕೇಳುತ್ತಿದ್ದ. ಬಂದವರು ಒಂದು ಅಂಗಿ ಕೊಟ್ಟು ಮನೆಯ ಕಷ್ಟವನ್ನೆಲ್ಲ ಹೇಳಿ ಹೋಗುವರು.

ನನ್ನ ಗಂಡ ತೀರಿಕೊಂಡ ಮೇಲೆ ಗಲ್ಲಾದಲ್ಲಿ ನಾನು ಕೂತೆ. ನನ್ನ ಓದು ಅಷ್ಟಕ್ಕಷ್ಟೇ, ನಂಬರ್ ಚೀಟಿಗೆ ಸಾಕಿತ್ತು. ಮೈದುನನ ಹೆಂಡತಿ, ನನ್ನ ಓರಗಿತ್ತಿ, ಇಸ್ತ್ರಿ ಮೇಜು ನೋಡಿಕೊಳ್ಳುತ್ತಿದ್ದಳು. ಬಾಯಿ ಚುರುಕು, ಕೈ ಅದಕ್ಕಿಂತ ಚುರುಕು. ಅವರ ಮಗಳು ಓದಿ ಒಂದು ಆಫೀಸಿಗೆ ಸೇರಿದ್ದಳು. ಅಂಗಡಿಗೆ ವೆಬ್‌ಸೈಟ್ ಮಾಡಿಕೊಟ್ಟವಳು ಅವಳೇ.

ಅದಕ್ಕೆ ಕಾರಣ ಅವಳ ಅಪ್ಪನ, ಅಂದರೆ ನನ್ನ ಮೈದುನನ, ಮಾತುಗಾರಿಕೆ. ಒಬ್ಬರಿಗೆ ತುಕ್ಕಿನ ಕಲೆಯ ಬಗ್ಗೆ ಹೇಳುತ್ತ ನಿಂತರೆ ಹಿಂದೆ ಬಂದವರು ಬಟ್ಟೆಗಂಟು ಹೊತ್ತು ಕಾಯಬೇಕಿತ್ತು. "ಅಪ್ಪಾ, ಎಲ್ಲಾನೂ ಒಂದು ಸಲ ನನಗೆ ಹೇಳು, ಬರೆದು ಹಾಕ್ತೀನಿ. ಕೇಳಿದವರಿಗೆ ಅದನ್ನೇ ತೋರಿಸು, ಬಾಯಿ ನೋವೂ ತಪ್ಪತ್ತೆ" ಎಂದಳು. ಎಣ್ಣೆ, ಮಸಿ, ತುಕ್ಕು, ಮೇಣ, ರಕ್ತ, ಹೀಗೆ ಒಂದೊಂದು ಕಲೆಗೆ ಒಂದೊಂದು ಪುಟ. ಅದು ಹೇಗೆ ಹಬ್ಬಿತೋ, ಯಾರು ಯಾವ ಊರಲ್ಲಿ ಕೂತು ಫೋನಿನಲ್ಲಿ ಕಲೆ ಎಂದು ಹುಡುಕಿದರೂ ಮೊದಲು ಬರುತ್ತಿದ್ದುದು ನಮ್ಮ ಅಂಗಡಿ. ನಾಟಕದವರು ತಮ್ಮ ಉಡುಪು ತಂದರು, ಛತ್ರಗಳವರು ಪರದೆ ತಂದರು. "ಕಾಲರ್ ಈಗ ದೊಡ್ಡ ಮನುಷ್ಯ, ಮಾತಾಡಿಸಬೇಕಾದ್ರೆ ಕಲೆ ಮಾಡ್ಕೊಂಡು ಬರಬೇಕು" ಎಂದು ಪಕ್ಕದ ಕ್ಷೌರದವನು ನಗೆಯಾಡುತ್ತಿದ್ದ.

ಬಂದ ಜನ ಹಾಗೇ ಇಳಿದೂ ಹೋದರು. ಮೊದಲು ನಮಗೆ ತಿಳಿಯಲೇ ಇಲ್ಲ. ಹ್ಯಾಂಗರಿನ ಕಂಬಿ ಖಾಲಿಯಾಗುತ್ತ ಬಂತು, ಮಷೀನು ಅರ್ಧ ತುಂಬಿಸಿ ಓಡಿಸುವಂತಾಯಿತು. ಮಗಳು ಕಂಪ್ಯೂಟರ್ ತೆಗೆದು ನೋಡಿ ಹೇಳಿದಳು. "ದೊಡ್ಡಮ್ಮ, ನಮ್ಮ ಪುಟ ಎಲ್ಲಾ ಹಳೇದಾಗಿವೆ. ಅದರಲ್ಲಿ ಹೇಳಿರೋ ಸೋಪು ಈಗ ಅಂಗಡೀಲಿ ಸಿಗಲ್ಲ. ಹಾಕಿರೋ ಚಿತ್ರ ಹಳೇ ಮಷೀನಿಂದು. ನಮ್ಮ ಮೇಲೆ ಬೇರೆಯವರು ಹೊಸದಾಗಿ ಬರೆದು ಕೂತಿದಾರೆ. ನಮ್ಮದು ಎಲ್ಲೋ ತಳದಲ್ಲಿದೆ, ಅಷ್ಟು ಕೆಳಗೆ ಯಾರೂ ಬೆರಳು ಆಡ್ಸಲ್ಲ."

ಅದೇ ಸಮಯಕ್ಕೆ ಮೊಬೈಲ್ ಮಾರುವವನೊಬ್ಬ ಅಂಗಡಿ ಜಾಗ ಕೇಳಿಕೊಂಡು ಬಂದ. ಓರಗಿತ್ತಿಗೆ ಕೊಟ್ಟುಬಿಡುವ ಮನಸ್ಸು. ಗಂಡನ ಎದೆ ಗೊರಗೊರ ಅನ್ನುವುದು ಅವಳಿಗೇ ಹೆಚ್ಚು ಕೇಳುತ್ತಿತ್ತು.

"ಸಾಕು ಬಿಡಿ. ಊರವರ ಕಲೆ ತೆಗೆದೂ ತೆಗೆದೂ ನಿಮ್ಮ ಎದೆ ಮಸಿ ಆಗಿದೆ."

"ಈ ವರ್ಷ ಮುಗೀಲಿ" ಎಂದ ಮೈದುನ. "ಪುಟಗಳನ್ನ ಹೊಸದು ಮಾಡ್ತೀನಿ. ಜನ ವಾಪಸು ಬಂದ್ರೆ ಅಂಗಡಿ ಇರತ್ತೆ. ಬರದೇ ಇದ್ರೆ ನೀನು ಹೇಳಿದವನಿಗೆ ಬೀಗದ ಕೈ ನಾನೇ ಕೊಡ್ತೀನಿ."

"ಅತ್ತಿಗೆ ಮುಂದೆ ಹೇಳ್ತಿದೀರಿ, ನೆನಪಿರಲಿ."

"ಅತ್ತಿಗೆ ಮುಂದೆ ಹೇಳಿದ್ದು ಯಾವತ್ತು ತಪ್ಪಿದೀನಿ?"

"ದಿನಾ" ಎಂದೆ ನಾನು. ಮೂವರೂ ನಕ್ಕೆವು. ಆದರೆ ಆ ಮಾತು ಮನೆಯಲ್ಲಿ ಗಡಿಯಾರದ ಹಾಗೆ ಬಡಿಯುತ್ತ ಉಳಿಯಿತು. ಹೊಸ ಗಿರಾಕಿ ಬಂದರೆ ಅವನು ಹೆಂಡತಿಯ ಮುಖ ನೋಡುವನು, ಬರದಿದ್ದರೆ ಅವಳು ಅವನ ಮುಖ ನೋಡುವಳು.

ಮಗಳು ದಾರಿ ತೋರಿಸಿಕೊಟ್ಟಳು. ಹಿಂದೆ ಯಾವ ಪುಟಕ್ಕೆ ಹೆಚ್ಚು ಜನ ಬರುತ್ತಿದ್ದರೋ ಅದನ್ನು ಮೊದಲು ಎತ್ತಿಕೊಳ್ಳಬೇಕು. ಜನ ಈಗ ಏನೆಂದು ಕೇಳುತ್ತಿದ್ದಾರೆ ನೋಡಬೇಕು. ಸುಳ್ಳಾದದ್ದನ್ನು ತೆಗೆಯಬೇಕು, ಬಿಟ್ಟುಹೋದದ್ದನ್ನು ಸೇರಿಸಬೇಕು, ಉದ್ದವನ್ನು ಕತ್ತರಿಸಬೇಕು. ಒಂದೇ ಪ್ರಶ್ನೆಗೆ ಎರಡು ಪುಟಗಳಿದ್ದರೆ ಅವು ಒಂದನ್ನೊಂದು ಕೆಳಗೆ ಎಳೆಯುತ್ತವಂತೆ, ಹಾಗಾಗಿ ಎರಡನ್ನೂ ಕೂಡಿಸಿ ಒಂದು ಮಾಡಬೇಕು. "ದಿನಾಂಕ ಮಾತ್ರ ಬದಲಾಯಿಸಿ ಮೋಸ ಮಾಡಬೇಡಪ್ಪ, ಅದು ಗೊತ್ತಾಗಿಬಿಡತ್ತೆ" ಎಂದೂ ಎಚ್ಚರಿಸಿದ್ದಳು. ಅವನು ಹಾಗೆ ಮೋಸ ಮಾಡುವ ಆಳಲ್ಲ. ಮಷೀನು ತಿರುಗುತ್ತಿರುವಾಗ ಸ್ಟೂಲಿನ ಮೇಲೆ ಕೂತು, ಕನ್ನಡಕ ಹಣೆಗೇರಿಸಿ, ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದ.

ಬಿಳಿ ಬಟ್ಟೆ ಹಳದಿಗಟ್ಟುವುದರ ಬಗ್ಗೆ ಎರಡು ಪುಟಗಳಿದ್ದವು. ಒಂದರಲ್ಲಿ ಬ್ಲೀಚ್ ನೀರಿನಲ್ಲಿ ನೆನೆಸುವುದು, ಇನ್ನೊಂದರಲ್ಲಿ ವಿನೆಗರ್ ಹಾಕುವುದು. ಎರಡರ ಕೊನೆಯಲ್ಲೂ ಬಟ್ಟೆಯನ್ನು ಚೆನ್ನಾಗಿ ಜಾಲಾಡಿಸಿ ಎಂಬ ಸಾಲು. ಅವನು ಎರಡನ್ನೂ ಕೂಡಿಸಿದ. ಒಂದೇ ಮಾತು ಎರಡು ಸಲ ಯಾಕೆಂದು ನಡುವಿನ ಜಾಲಾಡಿಸುವ ಸಾಲನ್ನು ಕಿತ್ತು, ಕೊನೆಯದನ್ನಷ್ಟೇ ಉಳಿಸಿದ. ಮೊದಲು ಬ್ಲೀಚ್ ಹಾಕಿ, ನಂತರ ವಿನೆಗರ್ ಹಾಕಿ, ಮುಚ್ಚಿ ನೆನೆಯಲು ಬಿಡಿ, ಚೆನ್ನಾಗಿ ಜಾಲಾಡಿಸಿ. ಪುಟ ಚೊಕ್ಕವಾಗಿ ಕಂಡಿತು. ಮಗಳು ಒಮ್ಮೆ ಕಣ್ಣಾಡಿಸಿ ಹಾಕಿಬಿಟ್ಟಳು.

ಆ ಪುಟ ಎದ್ದು ನಿಂತಿತು. ಫೋನಿನಲ್ಲಿ ಹುಡುಕಿದವರಿಗೆ ಆ ನಾಲ್ಕು ಸಾಲೂ ಎಲ್ಲರಿಗಿಂತ ಮೇಲೆ ಚೌಕಟ್ಟಿನೊಳಗೆ ಕಾಣಿಸುತ್ತಿದ್ದವು, ಕೆಳಗೆ ನಮ್ಮ ಅಂಗಡಿ ಹೆಸರು. ಒತ್ತಿ ಒಳಗೆ ಬರುವುದೂ ಬೇಕಿರಲಿಲ್ಲ. ಫೋನು ಮತ್ತೆ ಬಡಿದುಕೊಳ್ಳತೊಡಗಿತು. ಒಂದು ದೊಡ್ಡ ಹೋಟೆಲಿನ ಮ್ಯಾನೇಜರ್, ಹಾಸಿಗೆ ಬಟ್ಟೆ, ಮೇಜಿನ ಬಟ್ಟೆ ಎಲ್ಲವನ್ನೂ ನಮಗೇ ಕೊಡುವ ಯೋಚನೆಯಿದೆ, ಅಂಗಡಿ ನೋಡಲು ಬರುತ್ತೇನೆ ಎಂದರು. ಅದೊಂದು ಸಿಕ್ಕಿದರೆ ವರ್ಷವಿಡೀ ಮಷೀನಿಗೆ ಬಿಡುವಿಲ್ಲ. ಅವರು ಬರುವ ದಿನ ಓರಗಿತ್ತಿ ಅಂಗಡಿಯ ಗಾಜನ್ನು ತಾನೇ ಒರೆಸಿದಳು.

ಅದೇ ದಿನ, ಮಧ್ಯಾಹ್ನದ ಊಟಕ್ಕೆ ಮೊದಲು, ಅಂಗಡಿಯ ಫೋನಿಗೆ ಒಂದು ಮೆಸೇಜು ಬಂತು. ಗುರುತಿಲ್ಲದ ನಂಬರು. ನಾನು ಅಕ್ಷರ ಕೂಡಿಸಿ ಓದಿದೆ.

'ನಿಮ್ಮ ಪುಟದಲ್ಲಿ ಇದ್ದ ಹಾಗೆ ಬಕೆಟ್‌ಗೆ ಎರಡನ್ನೂ ಹಾಕಿ ಬಚ್ಚಲ ಬಾಗಿಲು ಮುಚ್ಚಿ ಒಗೆಯಲು ಕೂತಿದ್ದೇನೆ. ಮೂಗು, ಗಂಟಲು ತುಂಬ ಉರಿಯುತ್ತಿದೆ. ಹೀಗೇ ಆಗಬೇಕಾ?'

ನನಗೆ ಪೂರ್ತಿ ಅರ್ಥವಾಗಲಿಲ್ಲ. ಹಿಂದಿನ ಕೋಣೆಗೆ ಹೋಗಿ ಫೋನನ್ನು ಅವನ ಕಣ್ಣಿಗೆ ಹಿಡಿದೆ. ಅವನು ಓದಿದ.

"ಅಯ್ಯೋ, ಎರಡೂ ಒಟ್ಟಿಗೇ ಹಾಕಿದಾರೆ. ವಿಷದ ಗಾಳಿ ಅದು ಅತ್ತಿಗೆ!"

ಆ ನಂಬರಿಗೆ ಫೋನು ಮಾಡಿದ. ಆ ಕಡೆ ಬಡಿದುಕೊಂಡಿತು, ಎತ್ತುವವರಿಲ್ಲ. ಮತ್ತೆ ಮಾಡಿದ. ಹಾಗೇ ಬಡಿದು ನಿಂತಿತು. 'ಹೊರಗೆ ಬನ್ನಿ' ಎಂದು ಬರೆಯಲು ಹೋದರೆ ಬೆರಳು ಅಕ್ಷರದ ಮೇಲೆ ಕೂರಲೊಲ್ಲದು. ನಾನೇ ಕಸಿದುಕೊಂಡು, ಅವನು ಹೇಳಿದ ಹಾಗೆ ಒತ್ತಿದೆ. 'ತಕ್ಷಣ ಹೊರಗೆ ಬನ್ನಿ. ಬಾಗಿಲು ತೆಗೆಯಿರಿ. ಬಕೆಟ್ ಮುಟ್ಟಬೇಡಿ. ಆಸ್ಪತ್ರೆಗೆ ಹೋಗಿ.' ಮೆಸೇಜು ಹೋಯಿತು. ಆ ಕಡೆ ನೋಡಿದ ಗುರುತು ಬೀಳಲಿಲ್ಲ.

ಓರಗಿತ್ತಿ ಇಸ್ತ್ರಿ ಪೆಟ್ಟಿಗೆ ಹಿಡಿದುಕೊಂಡೇ ಬಂದಳು. "ಏನಾಯ್ತು?"

"ಜಾಲಾಡಿಸೋದನ್ನ ತೆಗೆದುಬಿಟ್ಟೆ ಕಣೇ. ನಡುವೆ ಜಾಲಾಡಿಸದೆ ಯಾರಾದ್ರೂ ಎರಡನೇದು ಹಾಕ್ತಾರಾ? ನನ್ನ ಜನ್ಮದಲ್ಲೇ ಹಾಗೆ ಮಾಡಿಲ್ಲ. ಬರೀಬೇಕು ಅಂತಲೇ ಹೊಳೀಲಿಲ್ಲ."

ಯಾವ ಊರೋ, ಯಾವ ಬೀದಿಯೋ. ಯಾರನ್ನು ಕಳಿಸುವುದು, ಎಲ್ಲಿಗೆ ಎಂದು ಹೇಳುವುದು? ಅವನು ಫೋನು ಮಾಡುತ್ತಲೇ ಇದ್ದ. ನಾನು ನನ್ನ ಫೋನಿನಿಂದ ಮಗಳನ್ನು ಹಿಡಿದೆ. ಅವಳು ಆಫೀಸಿನಲ್ಲಿ ಕೂತೇ ಪುಟ ತಿದ್ದಿದಳು. "ಎರಡನ್ನೂ ಎಂದಿಗೂ ಸೇರಿಸಬೇಡಿ ಅಂತ ಮೇಲೇ ಹಾಕಿದೀನಿ, ನೋಡಿ ದೊಡ್ಡಮ್ಮ."

ಮೈದುನ ನನ್ನ ಫೋನು ತೆಗೆದುಕೊಂಡು ಏನೂ ತಿಳಿಯದ ಹೆಂಗಸಿನ ಹಾಗೆ ಹುಡುಕಿದ. ಬಿಳಿ ಬಟ್ಟೆ ಹಳದಿ. ಚೌಕಟ್ಟು ಬಂತು. ಅದರೊಳಗೆ ಅದೇ ಹಳೆಯ ನಾಲ್ಕು ಸಾಲು, ಕೆಳಗೆ ನಮ್ಮ ಅಂಗಡಿ ಹೆಸರು.

"ಬದಲಾಗಿಲ್ಲವಲ್ಲೇ!"

"ಅದು ಹುಡುಕಿಕೊಡೋ ಕಂಪನಿಯವರು ನಮ್ಮ ಪುಟದಿಂದ ಎತ್ತಿಟ್ಟುಕೊಂಡಿರೋದು ಅಪ್ಪಾ. ಅವರು ಮತ್ತೆ ಬಂದು ನೋಡಿದಾಗ ಬದಲಾಗತ್ತೆ."

"ಯಾವಾಗ ಬರ್ತಾರೆ?"

"ಇವತ್ತೂ ಬರಬಹುದು. ವಾರವೂ ಆಗಬಹುದು."

"ಈಗಲೇ ಹೋಗೋ ಹಾಗೆ ಮಾಡಕ್ಕೆ ಏನು ಮಾಡಬೇಕು?"

"ಪುಟವನ್ನೇ ಕಿತ್ತು ಹಾಕಿ ಅವರಿಗೆ ತಿಳಿಸಬೇಕು. ಸಂಜೆಯೊಳಗೆ ಹೋಗಬಹುದು. ಆದ್ರೆ ಆ ಜಾಗವೂ ಹೋಗತ್ತೆ ಅಪ್ಪಾ. ಹಳೇ ಎರಡು ಪುಟ ಕೂಡಿಸಿ ಇದನ್ನ ಮಾಡಿದ್ದು, ಅವೂ ಈಗಿಲ್ಲ. ಮತ್ತೆ ತಳದಿಂದ ಶುರು ಮಾಡಬೇಕು."

ಆಗಲೇ ಮುಂದಿನ ಬಾಗಿಲಿನ ಗಂಟೆ ಸದ್ದಾಯಿತು. ಹೋಟೆಲಿನ ಮ್ಯಾನೇಜರ್. ಮಡಿಕೆ ಮುರಿಯದ ಕೋಟು, ಕೈಯಲ್ಲಿ ಫೋನು. "ನಿಮ್ಮನ್ನ ಹುಡುಕೋದು ಕಷ್ಟವೇ ಆಗಲಿಲ್ಲ ನೋಡಿ. ಎಲ್ಲರಿಗಿಂತ ಮೇಲೆ ನೀವೇ ಇದೀರಿ" ಎಂದು ನಗುತ್ತ ಆ ಚೌಕಟ್ಟನ್ನೇ ನಮ್ಮ ಕಡೆ ತಿರುಗಿಸಿದರು.

ಓರಗಿತ್ತಿ ಅವರಿಗೆ ಕುರ್ಚಿ ಹಾಕಿ, ಒಳಗೆ ಬಂದು ಗಂಡನ ತೋಳು ಹಿಡಿದಳು. ದನಿ ತಗ್ಗಿಸಿ, "ತಿದ್ದಿ ಆಗಿದೆಯಲ್ಲ. ಇವರು ಹೋಗೋವರೆಗೆ ತಾಳಿ. ಅರ್ಧ ಗಂಟೇಲಿ ಏನು ಮುಳುಗಿಹೋಗತ್ತೆ?" ಎಂದಳು. ಅಂಗಡಿ ಮುಚ್ಚಿ ಎಂದು ಅಷ್ಟು ದಿನ ಹೇಳಿದವಳು ಅವಳೇ. ಅವನ ಆಸೆ ಕಣ್ಣೆದುರು ಕೈಗೆ ಬಂದು ಕೂತಿರುವಾಗ ಅವಳ ಬಾಯಲ್ಲೂ ಆ ಮಾತು ಬಂತು.

"ಅಷ್ಟರಲ್ಲಿ ಇನ್ನೊಬ್ರು ಬಕೆಟ್ ತುಂಬ್ಸಿದ್ರೆ?"

ಅವಳು ತೋಳು ಬಿಟ್ಟಳು.

ಮೈದುನ ಫೋನಿಗೆ, "ಕಿತ್ತು ಹಾಕು" ಎಂದ.

"ಪೂರ್ತಿನಾ ಅಪ್ಪಾ?"

"ಬೇರು ಸಮೇತ. ಅದೊಂದೇ ಅಲ್ಲ, ಎಲ್ಲಾ ಪುಟಾನೂ ತೆಗಿ. ಇನ್ನೆಲ್ಲಿ ಏನು ಕತ್ತರಿಸಿದೀನೋ ನನಗೇ ನಂಬಿಕೆ ಇಲ್ಲ."

ಆಮೇಲೆ ಹೊರಗೆ ಹೋಗಿ ಮ್ಯಾನೇಜರ್ ಎದುರು ನಿಂತ. ಆ ಫೋನಿನಲ್ಲಿ ಕಾಣುತ್ತಿರುವುದು ತಪ್ಪು, ಅದನ್ನು ನಂಬಿ ಒಬ್ಬರು ಅಪಾಯದಲ್ಲಿದ್ದಾರೆ, ನನ್ನ ಗಮನವೆಲ್ಲ ಅಲ್ಲೇ ಇದೆ, ಇವತ್ತು ಅಂಗಡಿ ತೋರಿಸಲಾರೆ ಎಂದ. ಆ ಮನುಷ್ಯ ಕೆಟ್ಟವರಲ್ಲ. ಎದ್ದು ನಿಂತು, "ಅಯ್ಯೋ, ಮೊದಲು ಅದನ್ನ ನೋಡಿ. ನಾನು ಆಮೇಲೆ ಫೋನ್ ಮಾಡ್ತೀನಿ" ಎಂದು ಹೊರಟರು. ಬಾಗಿಲ ಹತ್ತಿರ ನಿಂತು ನಮ್ಮ ಫಲಕವನ್ನು ಒಂದು ಸಲ ನೋಡಿದರು. ಆ ನೋಟ ಕಂಡಾಗಲೇ ನನಗೆ ಗೊತ್ತಾಯಿತು, ಈ ಫೋನು ಬರುವುದಿಲ್ಲ. ಬರಲೂ ಇಲ್ಲ.

ಸಂಜೆಯ ಹೊತ್ತಿಗೆ ಚೌಕಟ್ಟು ಮಾಯವಾಯಿತು, ಬೇರೆ ಯಾರದೋ ಪುಟ ಅಲ್ಲಿ ಬಂದು ಕೂತಿತು. ಆ ನಂಬರು ಮಾತ್ರ ಬಡಿದುಕೊಳ್ಳುತ್ತಿತ್ತು, ಬಡಿದು ನಿಲ್ಲುತ್ತಿತ್ತು. ಕಡೆಗೆ ಬಡಿಯುವುದೂ ನಿಂತು ಸ್ವಿಚ್ ಆಫ್ ಎಂದು ಬಂತು. ಅದು ಎಲ್ಲಕ್ಕಿಂತ ಕೆಟ್ಟ ಗಳಿಗೆ. ಮೈದುನ ಫೋನನ್ನು ಮಂಡಿಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತ. ಓರಗಿತ್ತಿ ಅವನ ಪಕ್ಕದಲ್ಲಿ ಕೂತಳು.

ಮಾರನೆಯ ದಿನ ಅಂಗಡಿ ಬಾಗಿಲು ಎತ್ತುತ್ತಿರುವಾಗ ಮೆಸೇಜು ಕಳಿಸಿದ್ದವಳೇ ಫೋನು ಮಾಡಿದಳು. ಒಡೆದುಹೋದ ದನಿ, ಮಾತಿಗೊಮ್ಮೆ ಕೆಮ್ಮು. ಅವಳ ಅತ್ತೆ ವಾಸನೆ ಬಂದು ಬಾಗಿಲು ಗುದ್ದಿ ತೆಗೆಸಿ ಹೊರಗೆ ಎಳೆದುಕೊಂಡರಂತೆ. ಆಸ್ಪತ್ರೆಯಲ್ಲಿ ಮೂಗಿಗೆ ಗಾಳಿ ಕೊಟ್ಟು ಮಲಗಿಸಿದ್ದರಂತೆ, ಇವತ್ತು ಕಳಿಸುತ್ತಾರಂತೆ. ಫೋನು ಮನೆಯಲ್ಲೇ ಬಿದ್ದಿತ್ತು, ಗಂಡ ಈಗ ತಂದುಕೊಟ್ಟನಂತೆ.

ಮೈದುನ ಕೈ ಮುಗಿದು ನಿಂತಿದ್ದ, ಫೋನಿನಲ್ಲೂ ಅವಳಿಗೆ ಕಾಣುತ್ತದೇನೋ ಎಂಬ ಹಾಗೆ. "ತಪ್ಪಾಯ್ತಮ್ಮ. ತಪ್ಪು ನನ್ನದೇ."

"ನಾನು ನೀವು ಬರೆದಿದ್ದನ್ನೇ ಮಾಡಿದೆ" ಎಂದಳು ಅವಳು. "ನನ್ನದು ಅಂತ ಏನೂ ಸೇರಿಸಲಿಲ್ಲ."

ಬೈದಿದ್ದರೆ ಅವನು ತಾಳಿಕೊಳ್ಳುತ್ತಿದ್ದ. ಈ ಮಾತು ಮಾತ್ರ ಅವನ ಎದೆಯೊಳಗೆ ಕೂತುಬಿಟ್ಟಿತು. ಅವತ್ತಿನಿಂದ ಒಂದು ಕ್ರಮ ಶುರುವಾಯಿತು. ಕಿತ್ತು ಹಾಕಿದ ಪುಟಗಳನ್ನು ಒಂದೊಂದಾಗಿ ಹೊಸದಾಗಿ ಬರೆಯುವುದು, ನನ್ನ ಕೈಗೆ ಕೊಡುವುದು, ನಾನು ಟೆರೇಸಿನ ಮೇಲೆ ಬಕೆಟ್ ಇಟ್ಟುಕೊಂಡು ಅದರಂತೆ ಮಾಡುವುದು. ನನ್ನ ಕೈಯಲ್ಲಿ ಸರಿಯಾಗಿ ಬಂದರಷ್ಟೇ ಆ ಪುಟ ಮತ್ತೆ ವೆಬ್‌ಸೈಟಿಗೆ.

"ಬರೆದಷ್ಟೇ ಮಾಡಿ ಅತ್ತಿಗೆ. ನಿಮ್ಮ ಬುದ್ಧಿ ಓಡಿಸಬೇಡಿ."

"ಓಡ್ಸಕ್ಕೆ ಇದ್ರೆ ತಾನೇ ಮಾರಾಯ!"

ಮೇಣದ ಪುಟದಲ್ಲಿ, ಮೇಲೆ ಕಾಗದ ಇಟ್ಟು ಬಿಸಿ ಇಸ್ತ್ರಿ ಇಡಿ ಎಂದಿತ್ತು. ಎತ್ತಿ ಎಂದಿರಲಿಲ್ಲ. ನಾನು ಇಟ್ಟುಕೊಂಡೇ ಕೂತೆ. ಕಾಗದದ ಜೊತೆ ಅವನ ಹಳೆಯ ಪ್ಯಾಂಟೂ ಕಮರಿತು. ಓರಗಿತ್ತಿ ಹೊಗೆ ನೋಡಿ ಓಡಿ ಬಂದು, "ಅಕ್ಕಾ, ನಿಮಗಾದ್ರೂ ಬುದ್ಧಿ ಬೇಡವಾ!" ಎಂದು ಕೂಗಿದಳು. ಅವನು ಹಿಗ್ಗಿಹೋದ. "ನೋಡಿದ್ಯಾ, ಬಿಟ್ಟುಹೋಗಿದ್ದ ಒಂದು ಸಾಲು ಸಿಕ್ತು!" ತುಕ್ಕಿನ ಪುಟ ನನ್ನ ಕೈಯಲ್ಲಿ ಸೋತು ಸೋತು ಹಿಂದೆ ಹೋಯಿತು. ಅವನ ತಲೆಯೊಳಗೆ ಅಷ್ಟು ವರ್ಷ ಬಾಯಿಗೆ ಬಾರದೆ ಉಳಿದಿದ್ದುದೆಲ್ಲ ಹೀಗೆ ಒಂದೊಂದೇ ಹೊರಬಿತ್ತು.

ಜನ ಬರತೊಡಗಿದರು, ಆದರೆ ನಿಧಾನ. ವರ್ಷ ಅಷ್ಟು ನಿಧಾನವಾಗಿರಲಿಲ್ಲ, ಮುಗಿದೇಹೋಯಿತು. ಇನ್ನೂ ಸ್ವಲ್ಪ ದಿನ ನೋಡೋಣವಾ ಎಂದು ಓರಗಿತ್ತಿಯೇ ಕೇಳಿದಳು. ಅವನು ಬೇಡವೆಂದು ತಲೆಯಾಡಿಸಿ, ಮೊಬೈಲ್ ಮಾರುವವನ ಕೈಗೆ ತಾನೇ ಬೀಗದ ಕೈ ಕೊಟ್ಟು ಬಂದ. ಮಷೀನನ್ನು ಸರಪಳಿ ಹಾಕಿ ಎಳೆದೊಯ್ಯುವಾಗ ನಾವು ಮೂವರೂ ಮೇಲಿನ ಕಿಟಕಿಯಲ್ಲಿ ನಿಂತಿದ್ದೆವು. ಕೆಳಗೆ ಬಣ್ಣದ ದೀಪಗಳ ಅಂಗಡಿ ಬಂತು, ಆವಿಯ ವಾಸನೆ ಹೋಯಿತು. ಅವನು ಮೇಲೆ ಕೂತು ಪುಟ ಬರೆಯುವುದನ್ನು ಬಿಡಲಿಲ್ಲ. ಇಲ್ಲದ ಅಂಗಡಿಗೆ ಯಾಕೆ ಈ ಒದ್ದಾಟ ಎಂದು ಕ್ಷೌರದವನು ಕೇಳಿದ್ದಕ್ಕೆ, "ಅಂಗಡಿ ಇಲ್ಲ ಅಂತ ಜನ ಬಟ್ಟೆ ಒಗೆಯೋದು ಬಿಟ್ಟಿದಾರಾ?" ಎಂದ.

ಬಿಳಿ ಬಟ್ಟೆಯ ಪುಟವೊಂದನ್ನು ಮಾತ್ರ ಮುಟ್ಟಿರಲಿಲ್ಲ. ನಾನು ಕೇಳಿದರೆ ಮಾತು ತೇಲಿಸುತ್ತಿದ್ದ. ಅಷ್ಟರಲ್ಲಿ ಅವನ ಎದೆ ಪೂರ್ತಿ ಕೈಕೊಟ್ಟು ಹಾಸಿಗೆ ಹಿಡಿದ. ಒಂದು ಬೆಳಿಗ್ಗೆ ದಿಂಬಿಗೆ ಒರಗಿ ಕೂತು, ಮಗಳನ್ನು ಕರೆದು, ಉಸಿರು ಸಿಕ್ಕಾಗಲೆಲ್ಲ ಒಂದಿಷ್ಟು ಹೇಳಿ ಬರೆಸಿದ. ಒಂದೇ ವಿಧಾನ. ವಿನೆಗರಿನ ಸುದ್ದಿಯೇ ಇಲ್ಲ.

ಮಗಳು ಪುಟವನ್ನು ನನ್ನ ಫೋನಿಗೆ ಹಾಕಿದಳು. ನಾನು ಅವನದೇ ಬಿಳಿ ಅಂಗಿ, ಬಕೆಟ್, ಬ್ಲೀಚ್ ತೆಗೆದುಕೊಂಡು ಎದ್ದೆ. ಟೆರೇಸು ಹತ್ತುವುದು ಈಗ ನನ್ನ ಮಂಡಿಗೂ ಆಗುತ್ತಿರಲಿಲ್ಲ.

"ಎಲ್ಲಿಗೆ ಹೊರಟ್ರಿ ಅತ್ತಿಗೆ?"

"ಬಚ್ಚಲಿಗೆ."

"ಬಾಗಿಲು?"

"ಹಾಕ್ಕೊಂಡು ಶುರು ಮಾಡ್ತೀನಿ. ಕೊನೇ ಸಾಲಿಗೆ ಬಂದಾಗ ತೆಗೀತೀನಿ. 'ಬಾಗಿಲು ಕಿಟಕಿ ತೆಗೆದಿಡಿ, ಬಕೆಟ್‌ಗೆ ಇನ್ನೇನೂ ಸೇರಿಸಬೇಡಿ' ಅಂತ ಅಲ್ಲೇ ತಾನೇ ನೀನು ಬರೆಸಿರೋದು?"

ಅವನು ಕಣ್ಣು ಮುಚ್ಚಿದ. ನಗುತ್ತಿದ್ದಾನೋ ಉಸಿರಿಗೆ ಒದ್ದಾಡುತ್ತಿದ್ದಾನೋ ತಿಳಿಯದೆ ಬಕೆಟ್ ಕೆಳಗಿಟ್ಟು ಹತ್ತಿರ ಹೋದೆ. ನನ್ನ ಕೈ ಹಿಡಿದುಕೊಂಡ.

"ಆ ಸಾಲನ್ನ ಮೊದಲಿಗೆ ತರಕ್ಕೆ ಮಗಳಿಗೆ ಹೇಳಿ. ಅಂಗಡಿ ಹೆಸರಿಗಿಂತಲೂ ಮೇಲೆ ಇರಲಿ. ಆಮೇಲೆ ಇನ್ನೊಂದು ಸಲ ಮೊದಲಿಂದ ಮಾಡಿ ನೋಡಿ ಅತ್ತಿಗೆ."